ನಕ್ಷೆಯಲ್ಲಿ ಎರಡು ದಾರಿ

ಮೂವತ್ತೊಂದು ವರ್ಷ ಗುಂಡಿಯೊಳಗೆ ಕೂತು ಕೆಲಸ ಮಾಡಿದವಳಿಗೆ ಊರಿನ ಪರಿಚಯ ಕೆಳಗಿನಿಂದ ಆಗಿರುತ್ತದೆ. ಯಾವ ಬೀದಿಯ ಅಡಿಯಲ್ಲಿ ನೀರಿನ ಕೊಳವೆ ಸೋರುತ್ತದೆ, ಯಾವ ಬ್ಯಾಂಕಿನ ಮುಂದೆ ಅಗೆದರೆ ಬರೀ ಇಟ್ಟಿಗೆ ಚೂರು ಸಿಗುತ್ತದೆ, ಯಾವ ತಿರುವಿನಲ್ಲಿ ಮುಚ್ಚಳ ಎತ್ತಿದರೆ ಹೆಗ್ಗಣಗಳ ಸಂಸಾರವೇ ಎದ್ದು ನಿಂತು ‘ನೀನ್ಯಾರು ಕೇಳದೆ ಬಂದವಳು’ ಎಂಬಂತೆ ನೋಡುತ್ತದೆ, ಇದೆಲ್ಲ ಅವಳಿಗೆ ಬಾಯಿಪಾಠ. ಮೇಲಿನ ಊರನ್ನು ಕೇಳಿದರೆ ಮಾತ್ರ ತಡವರಿಸುತ್ತಾಳೆ. ಹೊಸ ಬಟ್ಟೆ ಅಂಗಡಿ ಎಲ್ಲಿ ಬಂತು ಅಂದರೆ ಗೊತ್ತಿಲ್ಲ. ಅದರ ಮುಂದೆ ಕೇಬಲ್ಲು ಎಷ್ಟು ಆಳದಲ್ಲಿದೆ ಅಂದರೆ ಮೊಳಕೈ ಮಡಚಿ ತೋರಿಸುತ್ತಾಳೆ.

ಟೆಲಿಫೋನ್ ಕಚೇರಿಯಲ್ಲಿ ಅವಳನ್ನು ಗಾಜಕ್ಕ ಅಂತಲೇ ಕರೆಯುವುದು. ಕೂದಲಂಥ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು ಅವಳ ಕಸುಬು. ಕೇಬಲ್ಲಿನ ಕರಿ ತೊಗಲು ಸುಲಿದು, ಒಳಗಿನ ಹನ್ನೆರಡು ಬಣ್ಣದ ಎಳೆಗಳನ್ನು ಬಿಡಿಸಿ, ಒಂದೊಂದರ ಬಣ್ಣ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ ಜಾಯಿಂಟ್ ಮೆಷಿನ್ನಿನಲ್ಲಿ ಎದುರುಬದುರು ಕೂರಿಸಬೇಕು. ಒಂದು ಕಿಡಿ ಹಾರುತ್ತದೆ, ಎರಡು ತುದಿ ಕರಗಿ ಒಂದಾಗುತ್ತವೆ. ಕತ್ತರಿಸಿ ಬಿದ್ದ ಚೂರು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ಹೊಕ್ಕರೆ ವಾರಗಟ್ಟಲೆ ಚುಚ್ಚುತ್ತದೆ, ಹೊಟ್ಟೆಗೆ ಹೋದರೆ ಕೇಳುವುದೇ ಬೇಡ. ಹಾಗಾಗಿ ಗಾಜಕ್ಕ ಕೆಲಸದ ಜಾಗದಲ್ಲಿ ಒಂದು ಗುಟುಕು ಚಹಾ ಕುಡಿದವಳಲ್ಲ. ಮನೆಗೆ ಬಂದರೂ ಬಾಗಿಲಾಚೆ ನಿಂತು ಮೇಲಂಗಿ ಕೊಡವಿ, ಅಂಟು ಟೇಪನ್ನು ತೋಳಿಗೆ ಒತ್ತಿ ಒತ್ತಿ ನೋಡುತ್ತಾಳೆ. ಅವಳ ಗಂಡ ಬಸ್ ಕಂಡಕ್ಟರಾಗಿದ್ದವನು, ಮಂಡಿ ಹೋಗಿ ಈಗ ಮನೆಯಲ್ಲಿದ್ದಾನೆ. ಅವನು ಒಳಗಿನಿಂದಲೇ ಕಣ್ಣು ಕಿರಿದು ಮಾಡಿ ನೋಡಿ, “ರೈಟ್, ರೈಟ್!” ಅಂದ ಮೇಲೆ ಅವಳು ಹೊಸ್ತಿಲು ದಾಟುವುದು. ಮಕ್ಕಳಿಲ್ಲದ ಆ ಮನೆಯಲ್ಲಿ ಸಂಜೆಯ ಮೊದಲ ನಗು ಅದೇ.

ಇಂಥ ಗಾಜಕ್ಕನ ಹೊಟ್ಟೆಯೊಳಗೆ ಹದಿನೆಂಟು ವರ್ಷದಿಂದ ಒಂದು ಮಾತು ಕೂತಿತ್ತು.

ಊರನ್ನು ಒಂದು ನದಿ ಎರಡು ಭಾಗ ಮಾಡಿದೆ. ಟೆಲಿಫೋನ್ ಕಚೇರಿ ಈ ದಡ, ತುರ್ತು ಕರೆಯ ಕೇಂದ್ರ ಆ ದಡ. ಯಾರಿಗೆ ಎದೆ ನೋವು ಬರಲಿ, ಯಾರ ಮನೆಗೆ ಬೆಂಕಿ ಬೀಳಲಿ, ಮೂರು ಅಂಕಿ ಒತ್ತಿದರೆ ಆ ಕರೆ ಮೊದಲು ಟೆಲಿಫೋನ್ ಕಚೇರಿಗೆ ಬಂದು, ಅಲ್ಲಿಂದ ಗಾಜಿನ ಎಳೆ ಹಿಡಿದು ನದಿ ದಾಟಿ ಕೇಂದ್ರಕ್ಕೆ ಹೋಗಬೇಕು. ಕೇಂದ್ರದ ಅಂಗಳದಲ್ಲಿ ಹನ್ನೊಂದು ಆಂಬ್ಯುಲೆನ್ಸು ಕಾದು ನಿಂತಿರುತ್ತವೆ. ಇಂಥ ಜಾಗಕ್ಕೆ ಒಂದೇ ಲೈನು ಕೊಟ್ಟರೆ ಆಗುತ್ತದೆಯೇ? ಅದಕ್ಕೇ ಎರಡು. ಒಂದು ಹಳೇ ಸೇತುವೆಯ ಮೇಲೆ, ಇನ್ನೊಂದು ದೂರದ ರೈಲು ಸೇತುವೆಯ ಮೇಲೆ. ಎರಡು ತುದಿಯಲ್ಲೂ ಒಂದೊಂದು ಪೆಟ್ಟಿಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುತ್ತದೆ. ಒಂದು ಲೈನು ಸತ್ತ ಕ್ಷಣವೇ ಕರೆಗಳನ್ನೆಲ್ಲ ಇನ್ನೊಂದಕ್ಕೆ ತಿರುಗಿಸಿಬಿಡುತ್ತದೆ, ಮಾತಾಡುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ಒಂದು ಕಡೆ ಕೆಟ್ಟರೂ ಊರು ಕೆಡಬಾರದು, ಅಷ್ಟೇ ಲೆಕ್ಕಾಚಾರ.

ನಕ್ಷೆಯಲ್ಲಿ ಹಾಗಿತ್ತು. ರೈಲು ಸೇತುವೆಯ ಅನುಮತಿ ಮಾತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೇಂದ್ರ ತೆರೆಯುವ ದಿನ ಗೊತ್ತಾಗಿ, ಕುರ್ಚಿಗಳೂ ಬಂದಿಳಿದಿದ್ದವು. ಗುತ್ತಿಗೆದಾರ ಹಣೆ ಒರೆಸಿಕೊಳ್ಳುತ್ತ ಬಂದು, “ಸದ್ಯಕ್ಕೆ ಎರಡನ್ನೂ ಹಳೇ ಸೇತುವೆ ಪೈಪಲ್ಲೇ ಎಳೆದುಬಿಡಮ್ಮ. ಅನುಮತಿ ಬಂದ ತಕ್ಷಣ ಒಂದನ್ನ ಆ ಕಡೆ ಹಾಕಿದ್ರಾಯ್ತು” ಅಂದ. ಅವಳು ಎಳೆದಳು, ಬೆಸೆದಳು. ‘ನಕ್ಷೆಯಂತೆ ಕೆಲಸ ಮುಗಿದಿದೆ’ ಎಂಬ ಕಾಗದಕ್ಕೆ ಮೂವರ ಸಹಿ ಬೇಕಿತ್ತು: ಗುತ್ತಿಗೆದಾರ, ಮೇಸ್ತ್ರಿ, ಜೋಡಣೆಗಾರ್ತಿ. ಆಗಿನ್ನೂ ಅವಳದು ಕಾಯಂ ಆಗದ ಕೆಲಸ, ಕಾಯಂ ಆಗುವ ಪಟ್ಟಿ ಅದೇ ತಿಂಗಳು ಮೇಜಿನ ಮೇಲಿತ್ತು. ಅವಳು ಸಹಿ ಹಾಕಿದಳು.

ಅನುಮತಿಯನ್ನು ಆಮೇಲೆ ಯಾರೂ ಕೇಳಲಿಲ್ಲ. ಗುತ್ತಿಗೆದಾರ ಸತ್ತ. ಮೇಸ್ತ್ರಿಗೆ ಮರೆವು ಹತ್ತಿ, ಮಗಳ ಮುಖವೂ ಗುರುತು ಸಿಗದಂತಾಯಿತು. ಮೊದಲ ವರ್ಷ ‘ಇವತ್ತಲ್ಲ ನಾಳೆ ಹಾಕ್ತಾರೆ’ ಅಂತ ಗಾಜಕ್ಕ ಸುಮ್ಮನಿದ್ದಳು. ಆಮೇಲೆ ಹೇಳಬೇಕು ಅನ್ನಿಸಿದಾಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತಿತ್ತು. ಹೀಗೆ ವರ್ಷ ಕಳೆದಂತೆಲ್ಲ ಹೇಳುವುದು ಕಷ್ಟವಾಗುತ್ತ, ಹೇಳದಿರುವುದು ರೂಢಿಯಾಗುತ್ತ ಹೋಯಿತು. ಲೈನಿಗೇನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಅವಳ ಬಾಯಿಗೆ ಬೀಗವಾಯಿತು.

ನಿವೃತ್ತಿಗೆ ಐದು ತಿಂಗಳಿದ್ದಾಗ, ಒಂದು ಬೆಳಿಗ್ಗೆ ಹಳೇ ಸೇತುವೆ ದಾಟುವಾಗ ಪಾದಚಾರಿ ಕಟ್ಟೆಯ ಉದ್ದಕ್ಕೂ ಬಿಳಿ ಸುಣ್ಣದಲ್ಲಿ ಅಡ್ಡಗೀಟು ಎಳೆದಿರುವುದು ಕಂಡಿತು. ಸವೆದ ಹಾಸುಗಲ್ಲು ತೆಗೆದು ಹೊಸದು ಹಾಕುತ್ತಾರಂತೆ, ಇನ್ನೆರಡು ತಿಂಗಳಲ್ಲಿ ಕೆಲಸ ಶುರುವಂತೆ. ಆ ಹಾಸುಗಲ್ಲಿನ ಕೆಳಗೇ ಪೈಪು. ಪೈಪಿನೊಳಗೇ ಎರಡೂ ಕೇಬಲ್ಲು.

ಅವತ್ತು ಸಂಜೆ ಗಂಡನ ಮುಂದೆ ಮೊದಲ ಸಲ ಬಾಯಿಬಿಟ್ಟಳು. ಅವನು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವನು ಕೈ ನಿಲ್ಲಿಸಿದ.

“ಅಲ್ವೇ, ಹದಿನೆಂಟು ವರ್ಷ ನನ್ನ ಪಕ್ಕದಲ್ಲೇ ಮಲಗಿ ಇದನ್ನ ಬಚ್ಚಿಟ್ಟಿದ್ದೀಯಾ? ನಾನು ಬಸ್ಸಲ್ಲಿ ಒಂದು ಛತ್ರಿ ಸಿಕ್ಕಿದ್ದನ್ನ ಒಂದು ವಾರ ಬಚ್ಚಿಡೋಕಾಗಿರ್ಲಿಲ್ಲ.”

“ತಮಾಷೆ ಬೇಡ.”

“ತಮಾಷೆ ಅಲ್ಲ ಕಣೇ. ಇನ್ನೈದು ತಿಂಗಳು. ತುಟಿ ಪಿಟಕ್ಕೆನ್ನದೆ ಇದ್ರೆ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆ ಮಾತಾಡಿ ಕಳಿಸ್ತಾರೆ. ಹೇಳಿದ್ರೆ ಏನು ಮಾಡ್ತಾರೆ?”

“ಬೈತಾರೆ. ಬೈದು ಲೈನು ಸರಿ ಮಾಡ್ತಾರೆ.”

ಕಂಡಕ್ಟರ್ ಅವಳನ್ನೇ ನೋಡಿದ. “ನೀನು ಯಾವಾಗ್ಲೂ ಗುಂಡಿ ಒಳಗೇ ಇದ್ದೆ ನೋಡು. ಆಫೀಸಂದ್ರೇನು ಅಂತ ನಿನಗೆ ಗೊತ್ತಿಲ್ಲ,” ಅಂದ. ಆದರೆ ಬೆಳಿಗ್ಗೆ ಅವಳು ಹೊರಟಾಗ ಬಾಗಿಲವರೆಗೆ ಕುಂಟಿಕೊಂಡು ಬಂದು, “ಹೇಳೋದಾದ್ರೆ ಗಟ್ಟಿಯಾಗಿ ಹೇಳು, ಗೊಣಗಬೇಡ,” ಅಂದ.

ಕಚೇರಿಯಲ್ಲಿ ಊರಿನ ಕೇಬಲ್ಲುಗಳ ನಕ್ಷೆಯನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವಳು ಒಬ್ಬ ಎಂಜಿನಿಯರ್. ಚಿಕ್ಕ ವಯಸ್ಸಿನವಳು, ಎಲ್ಲರೂ ನಕ್ಷೆ ಮೇಡಂ ಅನ್ನುತ್ತಿದ್ದರು. ಗಾಜಕ್ಕ ಹೇಳಿದ್ದನ್ನು ಕೇಳಿ ಅವಳು ಪರದೆಯನ್ನು ಈ ಕಡೆ ತಿರುಗಿಸಿದಳು.

“ಇಲ್ಲ ಅಕ್ಕ, ನೋಡಿ. ಕೆಂಪು ಗೆರೆ ಹಳೇ ಸೇತುವೆ ಮೇಲೆ. ನೀಲಿ ಗೆರೆ ರೈಲು ಸೇತುವೆ ಮೇಲೆ. ಬೇರೆ ಬೇರೆನೇ ಇದೆ.”

“ಕಂಪ್ಯೂಟರ್‌ಗೆ ಹಾಗಂತ ಯಾರಮ್ಮ ಹೇಳಿದ್ದು?”

“ಹಳೇ ಕಾಗದ ನೋಡಿ ಹಾಕಿದ್ದು.”

“ಕಾಗದಕ್ಕೆ ಯಾರು ಹೇಳಿದ್ದು?”

ಮೇಡಂ ಎರಡು ಸಲ ಒತ್ತಿ ಹಳೇ ಕಾಗದದ ಚಿತ್ರ ತೆರೆದಳು. ಹಳದಿಗಟ್ಟಿದ ಹಾಳೆ. ಅದರ ಕೆಳಗೆ ಮೂರು ಸಹಿ. ಮೇಡಂ ಮೆಲ್ಲಗೆ, “ನೀವೇ ಅಕ್ಕ,” ಅಂದಳು.

ಗಾಜಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಅವಳು ಕಸುಬು ಬಲ್ಲವಳು. “ಸಹಿ ಸುಳ್ಳು ಹೇಳಬಹುದು, ಬೆಳಕು ಹೇಳೋದಿಲ್ಲ. ಅಳತೆ ಹಾಕೋಣ ಬನ್ನಿ,” ಅಂದಳು. ಕೇಬಲ್ಲಿನೊಳಗೆ ಬೆಳಕು ಬಿಟ್ಟು, ಅದು ಹೋಗಿ ಬರುವ ಹೊತ್ತಿನಿಂದ ಉದ್ದ ಹೇಳುವ ಮೀಟರೊಂದು ಅವರಲ್ಲಿದೆ. ಇಬ್ಬರೂ ಸೇರಿ ಎರಡೂ ಲೈನಿಗೆ ಹಾಕಿ ನೋಡಿದರು. ಮೊದಲನೆಯದು ಆರು ಕಿಲೋಮೀಟರಿಗೆ ಕೊಂಚ ಮೇಲೆ. ಎರಡನೆಯದೂ ಅಷ್ಟೇ. ರೈಲು ಸೇತುವೆ ಸುತ್ತಿ ಹೋಗಿದ್ದರೆ ಅದು ಎಂಟೂವರೆ ಇರಬೇಕಿತ್ತು. “ಅಯ್ಯೋ ಅಕ್ಕ,” ಅಂದಳು ಮೇಡಂ.

ದೊಡ್ಡ ಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಗಾಜಕ್ಕನನ್ನು ಕೂರಿಸಿಯೇ ಮಾತಾಡಿದರು. ಮೀಟರಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದರು. ವರ್ಷಕ್ಕೊಮ್ಮೆ ‘ಕೇಂದ್ರದ ಎರಡು ಲೈನುಗಳೂ ಬೇರೆ ಬೇರೆ ದಾರಿಯಲ್ಲಿವೆ’ ಅಂತ ಕಚೇರಿ ಪತ್ರ ಕೊಡಬೇಕು. ಹಾಗೆ ಹದಿನೆಂಟು ಪತ್ರ ಹೋಗಿದ್ದವು, ಕೊನೆಯ ನಾಲ್ಕಕ್ಕೆ ಸಹಿ ಅವರದೇ.

“ಈಗ ಸೇತುವೆ ಒಡೆದು ನೋಡೋಕಾಗುತ್ತೇನಮ್ಮ? ಅದು ರಸ್ತೆಯವರದ್ದು. ರೈಲಿನವರ ಹತ್ರ ಹೊಸದಾಗಿ ಕೇಳೋಕೆ ಹೋದ್ರೆ, ಇಷ್ಟು ವರ್ಷ ಎಲ್ಲಿತ್ತು ನಿಮ್ಮ ಲೈನು ಅಂತಾರೆ. ಒಂದು ಕೆಲಸ ಮಾಡೋಣ. ಪರೀಕ್ಷೆ ಮಾಡೋಣ. ಒಂದು ಲೈನ್ ಕಿತ್ತು ನೋಡೋಣ. ಇನ್ನೊಂದು ನಿಂತ್ರೆ ನಿಮ್ಮ ಮಾತು ಸರಿ. ಓಡಿದ್ರೆ ನನ್ನ ಮಾತು ಸರಿ. ಆಯ್ತಾ?”

ಆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಪೆಟ್ಟಿಗೆಗಳ ಕೋಣೆಯಲ್ಲಿ ಎಲ್ಲರೂ ಸೇರಿದರು. ತಣ್ಣಗೆ ಗುಂಯ್‌ಗುಡುವ ಕೋಣೆ. ಕೇಂದ್ರದಿಂದ ಇಬ್ಬರು ಬಂದಿದ್ದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಮೊದಲ ಲೈನಿನ ಹಳದಿ ದಾರವನ್ನು ಪೆಟ್ಟಿಗೆಯಿಂದ ಹಿಡಿದೆಳೆದರು. ಒಂದು ದೀಪ ಕೆಂಪಾಯಿತು. ಪಕ್ಕದ ದೀಪ ಮಿಣಮಿಣ ಅಂದು ಹಸಿರಾಯಿತು. ಕೇಂದ್ರದವರು ಅಲ್ಲಿಂದಲೇ ಮೂರು ಅಂಕಿ ಒತ್ತಿದರು. ಒಂದೇ ರಿಂಗಿಗೆ ಆ ಕಡೆಯಿಂದ ಹೆಣ್ಣು ದನಿ ಕೇಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಸರ್,” ಅಂದಳು ಗಾಜಕ್ಕ, ಗಂಡ ಹೇಳಿದ್ದು ನೆನಪಾಗಿ ಗಟ್ಟಿಯಾಗಿಯೇ. “ನೀವು ಕಿತ್ತಿದ್ದು ಇಲ್ಲಿ. ಅವರು ಅಗೆಯೋದು ಅಲ್ಲಿ. ಇಲ್ಲಿ ಕಿತ್ರೆ ಒಂದೇ ಹೋಗುತ್ತೆ. ಅಲ್ಲಿ ಹೋದ್ರೆ ಎರಡೂ ಹೋಗುತ್ತೆ.”

“ಪೆಟ್ಟಿಗೆಗೆ ಎಲ್ಲಿ ಕಿತ್ರೂ ಒಂದೇ ಅಲ್ವೇನಮ್ಮ? ಲೈನ್ ಸತ್ರೆ ಸಾಕು, ಅದು ತಿರುಗಿಸುತ್ತೆ. ಕಣ್ಣಾರೆ ನೋಡಿದ್ರಲ್ಲ.”

“ತಿರುಗಿಸುತ್ತೆ ಸರ್. ಎಲ್ಲಿಗೆ ತಿರುಗಿಸೋದು?”

ಕೇಂದ್ರದವರಲ್ಲಿ ಒಬ್ಬ ನಕ್ಕ. “ನಿಮ್ಮ ಅಕ್ಕನೋರಿಗೆ ಸಾಹೇಬ್ರೇ, ನಿವೃತ್ತಿ ಅಂದ್ರೆ ಬೇಜಾರು ಅನ್ಸುತ್ತೆ.” ಉಳಿದವರೂ ನಕ್ಕರು. ನಕ್ಷೆ ಮೇಡಂ ಮಾತ್ರ ನೆಲ ನೋಡುತ್ತಿದ್ದಳು.

ಆದರೆ ಮೀಟರಿನ ಚೀಟಿಯೊಂದು ಕಡತದಲ್ಲಿ ಉಳಿದಿತ್ತಲ್ಲ. ಅದನ್ನು ಹಾಗೇ ಬಿಡುವಂತಿರಲಿಲ್ಲ. ಮುಂದಿನ ವಾರ ಆದೇಶ ಬಂತು: ಎರಡನೇ ಲೈನಿನ ಉದ್ದ ನಕ್ಷೆಯಲ್ಲಿ ತಪ್ಪಾಗಿ ದಾಖಲಾಗಿದೆ, ತಿದ್ದತಕ್ಕದ್ದು. ಮೇಡಂ ಎಂಟೂವರೆ ಅಳಿಸಿ ಆರು ಅಂತ ಬರೆದಳು. ನೀಲಿ ಗೆರೆ ರೈಲು ಸೇತುವೆಯ ಮೇಲೇ ಇತ್ತು. ಎರಡೂವರೆ ಕಿಲೋಮೀಟರು ಎಲ್ಲಿ ಮಾಯವಾಯಿತು ಅಂತ ಯಾರೂ ಕೇಳಲಿಲ್ಲ.

“ನಾನೇನು ಮಾಡ್ಲಿ ಅಕ್ಕ,” ಅಂದಳು ಮೇಡಂ.

“ನೀನೇನು ಮಾಡ್ತೀಯಮ್ಮ. ನಿನ್ನ ಜಾಗದಲ್ಲಿ ನಾನೂ ಇದನ್ನೇ ಮಾಡಿದ್ದು.”

ಸೇತುವೆಯ ಕೆಲಸ ಶುರುವಾದಾಗ ಗಾಜಕ್ಕ ಉಳಿದಿದ್ದ ರಜೆಗಳನ್ನೆಲ್ಲ ಹಾಕಿ ಅಲ್ಲೇ ಹೋಗಿ ಕೂತಳು. ಗಂಡ ಊಟದ ಡಬ್ಬಿ ಕಟ್ಟಿಕೊಡುತ್ತಿದ್ದ. “ಮದುವೆಯಾದ ಹೊಸತರಲ್ಲಿ ನನಗೂ ಹೀಗೆ ಕಾದಿರ್ಲಿಲ್ಲ ನೀನು,” ಅನ್ನುತ್ತಿದ್ದ. ಅಗೆಯುವ ಮೆಷಿನ್ನಿನವನು ದಪ್ಪ ಮೀಸೆಯ ಮನುಷ್ಯ. ಮೊದಲ ದಿನ ‘ಇದೆಲ್ಲಿ ಗಂಟುಬಿತ್ತು’ ಅಂತ ಮುಖ ಸಿಂಡರಿಸಿದ.

“ಅಣ್ಣ, ನಡುವಿನ ಆ ಎಂಟು ಹಾಸುಗಲ್ಲಿದೆಯಲ್ಲ, ಅದಕ್ಕೆ ಮೆಷಿನ್ ಹಾಕ್ಬೇಡಿ. ಕೈಯಲ್ಲಿ ತೆಗೀರಿ.”

“ನಿಮ್ಮ ಆಫೀಸಿನ ಚೀಟೀಲಿ ಇಲ್ಲಿ ಒಂದೇ ಲೈನು, ಹೋದ್ರೂ ಚಿಂತೆ ಇಲ್ಲ, ಇನ್ನೊಂದಿದೆ ಅಂತ ಬರೆದವ್ರಲ್ಲಮ್ಮ.”

“ಇನ್ನೊಂದೂ ಇಲ್ಲೇ ಇದೆ ಅಣ್ಣ.”

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. “ಹಿಂಗಂದ್ರೆ ಅರ್ಥ ಆಗುತ್ತೆ ನೋಡಿ,” ಅಂದವನೇ ಮೆಷಿನ್ನಿಂದ ಇಳಿದು ಹಾರೆ ತರಿಸಿದ. ಇಡೀ ಸಂಗತಿಯಲ್ಲಿ ಅವಳ ಮಾತನ್ನು ಮರುಮಾತಿಲ್ಲದೆ ನಂಬಿದವನು ಅವನೊಬ್ಬನೇ. ಒಂಬತ್ತು ದಿನ ಅವನ ಜನ ಆ ಭಾಗವನ್ನು ಕೈಯಿಂದಲೇ ತೆಗೆದರು. ಕೇಬಲ್ಲಿಗೆ ಒಂದು ಗೀರು ಬೀಳಲಿಲ್ಲ.

ಹತ್ತನೇ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ, ಎಲ್ಲರೂ ಆ ಬದಿಯಲ್ಲಿ ನೀರು ಕುಡಿಯುತ್ತಿದ್ದಾಗ, ಯಾರೂ ಮುಟ್ಟದಿದ್ದ ಹಾಸುಗಲ್ಲೊಂದು ಕಿರ್ರೆಂದಿತು. ಅಕ್ಕಪಕ್ಕದ ಕಲ್ಲು ತೆಗೆದಿದ್ದರಿಂದ ಅದಕ್ಕೆ ಆಸರೆ ಹೋಗಿತ್ತು. ಅದು ವಾಲಿತು, ಪಕ್ಕದ್ದನ್ನೂ ಎಳೆದುಕೊಂಡಿತು, ಪೈಪಿನ ಸಮೇತ ನದಿಗೆ ಬಿತ್ತು. ಎರಡು ಕರಿ ಕೇಬಲ್ಲು ಒಂದು ಗಳಿಗೆ ಬಿಗಿದು ನಿಂತವು. ಆಮೇಲೆ ಚಟ್ ಚಟ್ ಅಂತ ಎರಡು ಸದ್ದು. ಎರಡರ ನಡುವೆ ಒಂದು ಉಸಿರಿನಷ್ಟೂ ಅಂತರವಿರಲಿಲ್ಲ.

ಮೀಸೆಯವನು ತಲೆಯ ಮೇಲೆ ಕೈಹೊತ್ತ. “ನಾವು ಮುಟ್ಟೇ ಇಲ್ಲವಲ್ಲಮ್ಮ,” ಅಂದ. “ಗೊತ್ತು ಅಣ್ಣ,” ಅಂದಳು ಗಾಜಕ್ಕ. ಅವಳಾಗಲೇ ಕಚೇರಿಗೆ ಫೋನು ಮಾಡುತ್ತಿದ್ದಳು.

ಸಾಹೇಬರೇ ಫೋನು ಎತ್ತಿದರು. “ವ್ಯಾನು, ಮೆಷಿನ್ನು, ಕೇಬಲ್ ತುಂಡು ಎಲ್ಲ ಕಳಿಸ್ತೀನಿ. ನೀವೊಂದು ದಡ ಹಿಡೀರಿ, ಇನ್ನೊಂದು ದಡಕ್ಕೆ ಇನ್ನೊಬ್ಬ ಜೋಡಣೆಗಾರನ್ನ ಕಳಿಸ್ತೀನಿ.”

“ಯಾರನ್ನ ಸರ್?”

“ಪಟ್ಟೀಲಿ ಇಬ್ಬರಿದ್ದೀರಲ್ಲ.”

“ಆ ಜಾಗ ಖಾಲಿಯಾಗಿ ಆರು ವರ್ಷ ಆಯ್ತು ಸರ್.”

ಸಾಹೇಬರು ವ್ಯಾನೊಂದನ್ನೇ ಕಳಿಸಿದರು.

ಕೇಂದ್ರದಲ್ಲಿ ಏನಾಗುತ್ತಿತ್ತೆಂಬುದು ಗಾಜಕ್ಕನಿಗೆ ಆಮೇಲೆ ತಿಳಿಯಿತು. ಮೊದಲ ಅರ್ಧ ಗಂಟೆ ಅಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಒಂದು ಲೈನು ಸತ್ತರೆ ಇನ್ನೊಂದು ಲೈನು ಸುದ್ದಿ ಕೊಡಬೇಕು, ಅದು ಅಲ್ಲಿನ ಏರ್ಪಾಡು. ಎರಡೂ ಸತ್ತರೆ ಹೇಳುವವರು ಯಾರು? ಫೋನುಗಳು ಸುಮ್ಮನಿದ್ದವು. ಕರೆ ಎತ್ತುವ ಹೆಣ್ಣುಮಕ್ಕಳು ಕಿವಿಯಂತ್ರ ಕಳಚಿಟ್ಟು, ಇವತ್ತು ಊರಿನಲ್ಲಿ ಯಾರಿಗೂ ಏನೂ ಆಗಿಲ್ಲ ಅಂತ ಸಮಾಧಾನದಿಂದ ಹರಟೆಗೆ ಕೂತಿದ್ದರು. ಗೊತ್ತಾದ ಮೇಲೂ, ಎಲ್ಲಿಗೆ ಹೋಗಬೇಕೆಂದು ಹೇಳುವ ಕರೆಯಿಲ್ಲದೆ, ಅಂಗಳದಲ್ಲಿ ಹನ್ನೊಂದು ಆಂಬ್ಯುಲೆನ್ಸು ಬಿಸಿಲಲ್ಲಿ ಮಲಗಿದ್ದವು.

ಹೊಸ ತುಂಡನ್ನು ಸೇತುವೆಯ ಕಂಬಿಗೆ ಕಟ್ಟಿ ಆ ದಡಕ್ಕೆ ಮುಟ್ಟಿಸುವ ಹೊತ್ತಿಗೆ ನಾಲ್ಕು ಗಂಟೆ. ಗಾಜಕ್ಕ ವ್ಯಾನಿನ ಹಿಂದೆ ಕೂತು ತೊಗಲು ಸುಲಿದಳು. ಹನ್ನೆರಡರಲ್ಲಿ ಕೇಂದ್ರದವು ಹಸಿರು ಮತ್ತು ಕಂದು. ಮೊದಲು ಅವೆರಡು. ಎರಡು ದಡಕ್ಕೆ ಎರಡೆರಡು, ಒಟ್ಟು ನಾಲ್ಕು ಜಾಯಿಂಟು. ಹಸಿರು ಎಳೆಯನ್ನು ಒರೆಸುತ್ತಿದ್ದಾಗ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದ ಗಂಡಸೊಬ್ಬ ಏದುಸಿರು ಬಿಡುತ್ತ ಓಡಿಬಂದ. ಈ ದಡದ ಬೀದಿಯ ಟೈಲರು.

“ನೀವು ಫೋನಿನೋರಾ? ಯಾಕ್ರೀ ಎತ್ತಲ್ಲ? ಹನ್ನೊಂದು ಸಲ ಮಾಡ್ದೆ! ನನ್ನ ಹೆಂಡ್ತಿ ಮೆಷಿನ್ ಮೇಲೇ ಕುಸಿದುಬಿದ್ಲು. ಮಾತಾಡ್ತಿಲ್ಲ. ನಾನೇ ಅಲ್ಲೀತನಕ ಓಡ್ತಿದ್ದೀನಿ.”

ಕೇಂದ್ರಕ್ಕೆ ಇನ್ನೂ ಒಂದೂವರೆ ಮೈಲಿ. ರಸ್ತೆಯ ಮೇಲೆ ಬೇರೆ ಗಾಡಿ ಇರಲಿಲ್ಲ, ಕಲ್ಲು ಬಿದ್ದದ್ದೇ ಎರಡು ಕಡೆಯೂ ತಡೆದಿದ್ದರು. ಗಾಜಕ್ಕ ಡ್ರೈವರ್ ಕಡೆ ತಿರುಗಿದಳು. “ವ್ಯಾನ್ ತಗೊಂಡ್ಹೋಗಿ ಇವರ ಮನೆಯೋರನ್ನ ಆಸ್ಪತ್ರೆಗೆ ಸೇರಿಸು.”

“ಅಕ್ಕ, ಜಾಯಿಂಟ್ ಮೆಷಿನ್ ವ್ಯಾನಿನ ಕರೆಂಟಲ್ಲಿ ಓಡ್ತಿದೆ.”

“ಅದರದ್ದೇ ಬ್ಯಾಟರಿ ಇದೆ.”

“ಅದು ಹಳೇದು. ನಾಲ್ಕು ಜಾಯಿಂಟ್ ಬರೋದೂ ಡೌಟು. ಊರೆಲ್ಲಾ ತುರ್ತು ಕರೆ ನಿಂತಿದೆ ಅಕ್ಕ, ಒಬ್ಬರಿಗೋಸ್ಕರ...”

ಟೈಲರು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ. ಅವನ ಮುಂದೆ ಲೆಕ್ಕ ಹಾಕುವ ಎದೆಗಾರಿಕೆ ಗಾಜಕ್ಕನಿಗಿರಲಿಲ್ಲ. “ಹೋಗು ಅಂದೆ,” ಅಂದಳು.

ವ್ಯಾನು ಹೋಯಿತು. ಅವಳು ರಸ್ತೆಯ ಮೇಲೆ ಚಾಪೆ ಹಾಸಿ ಕೂತಳು. ಈ ದಡದ ಹಸಿರು ಆಯಿತು, ಕಂದು ಆಯಿತು. ಮೆಷಿನ್ನು ಎತ್ತಿಕೊಂಡು ಸೇತುವೆ ದಾಟಿ ಆ ದಡದ ಹಸಿರು ಬೆಸೆದಳು. ಕಂದು ಎಳೆಯ ತುದಿ ಕೂರಿಸಿ ಒತ್ತಿದಾಗ ಪರದೆ ಒಮ್ಮೆ ಮಂಕಾಗಿ ಕಪ್ಪಾಯಿತು. ಮತ್ತೆ ಒತ್ತಿದಳು, ಬರಲಿಲ್ಲ. ಬ್ಯಾಟರಿಯನ್ನು ಕಳಚಿ, ಎದೆಗವಚಿ ಬೆಚ್ಚಗೆ ಮಾಡಿ ಹಾಕಿದಳು. ಬರಲಿಲ್ಲ. ಒಂದು ಎಳೆ ಹೋಗುವುದಕ್ಕೆ, ಒಂದು ಬರುವುದಕ್ಕೆ. ಅರ್ಧ ಬೆಸೆದ ಲೈನಿನಲ್ಲಿ ಕೂಗಿದ್ದು ಯಾರಿಗೂ ಕೇಳುವುದಿಲ್ಲ.

ಮುಕ್ಕಾಲು ಗಂಟೆ ಅವಳು ಸುಮ್ಮನೆ ಕೂತಿದ್ದಳು. ಎರಡು ಬೆರಳ ನಡುವೆ ಕಂದು ಎಳೆಯಿತ್ತು. ಇಷ್ಟು ಹೊತ್ತಿಗೆ ಎಲ್ಲೋ ಯಾರೋ ಮೂರು ಅಂಕಿ ಒತ್ತುತ್ತಿರಬೇಕು. ಬಂದ ಕರೆಗಾದರೆ ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತದೆ. ಬಾರದ ಕರೆಗೆ ಏನು ಬೀಳುತ್ತದೆ?

ವ್ಯಾನು ಸೇತುವೆ ದಾಟಿ ಬಂತು. ಡ್ರೈವರ್ ಇಳಿದು, ವೈರನ್ನು ಮೆಷಿನ್ನಿಗೆ ಸಿಕ್ಕಿಸಿ, ಆಮೇಲೆ ಹೇಳಿದ. “ದಾರೀಲೇ ಮುಗೀತು ಅಕ್ಕ. ಆಸ್ಪತ್ರೆಯೋರು, ಅರ್ಧ ಗಂಟೆ ಮುಂಚೆ ತಂದಿದ್ರೆ ಅಂದ್ರು.”

ಗಾಜಕ್ಕ ಕಂದು ಎಳೆಯ ತುದಿಯನ್ನು ಮತ್ತೆ ಕತ್ತರಿಸಿ ಕೂರಿಸಿದಳು. ಕಿಡಿ ಹಾರಿತು. ಆರು ಹತ್ತಕ್ಕೆ ಕೇಂದ್ರದ ಫೋನುಗಳು ಒಟ್ಟಿಗೇ ಹೊಡೆದುಕೊಂಡವು.

ಎರಡನೇ ಕೇಬಲ್ಲನ್ನು ಮರುದಿನ ಹಾಕಿದರು. ಅದೇ ಸೇತುವೆಯ ಅದೇ ಕಂಬಿಗೆ, ಮೊದಲನೆಯದರ ಪಕ್ಕದಲ್ಲೇ ಕಟ್ಟಿದರು. ಸದ್ಯಕ್ಕೆ ಅಂದರು. ಆದ ಅವಘಡದ ವರದಿಯಲ್ಲಿ, ಎರಡು ಬೇರೆ ಬೇರೆ ಲೈನುಗಳು ಒಂದೇ ಹೊತ್ತಿಗೆ ಕೆಟ್ಟಿದ್ದು ಬಹು ಅಪರೂಪದ ಕಾಕತಾಳೀಯ ಅಂತ ಬರೆದಿತ್ತು.

ಈ ಸಲ ಗಾಜಕ್ಕ ಕಾಗದದಲ್ಲಿ ತನ್ನ ಕೈಯಾರೆ ‘ಎರಡೂ ಲೈನು ಹಳೇ ಸೇತುವೆಯ ಒಂದೇ ಕಂಬಿಯ ಮೇಲೆ’ ಅಂತ ಬರೆದು ಸಹಿ ಹಾಕಿದಳು. ನಕ್ಷೆ ಮೇಡಂ ಅದನ್ನು ಮರುಮಾತಾಡದೆ ತೆಗೆದುಕೊಂಡು ಕಂಪ್ಯೂಟರಿಗೆ ಹಾಕಲು ಕೂತಳು. ಪರದೆ ಕೆಂಪಾಯಿತು. ಇನ್ನೊಮ್ಮೆ ಹಾಕಿದಳು. ಮತ್ತೆ ಕೆಂಪು.

“ತಗೊಳ್ತಿಲ್ಲ ಅಕ್ಕ. ತುರ್ತು ಕೇಂದ್ರದ ಎರಡು ಲೈನಿಗೆ ಒಂದೇ ದಾರಿ ಕೊಡೋ ಹಾಗಿಲ್ಲ ಅಂತಿದೆ. ಯಾರೂ ತಪ್ಪಾಗಿ ಹಾಕ್ಬಾರ್ದು ಅಂತ ಹಾಗೆ ಮಾಡಿಟ್ಟಿದ್ದಾರೆ.”

“ಹಾಕದಿದ್ರೆ?”

“ಹಾಕದಿದ್ರೆ ಎರಡನೇ ಲೈನು ರಿಪೇರಿ ಆಗಿಲ್ಲ ಅಂತಲೇ ತೋರಿಸುತ್ತೆ. ಪೆಟ್ಟಿಗೆ ಅದನ್ನ ಮುಟ್ಟೋದೇ ಇಲ್ಲ.”

ಮೇಡಂ ರೈಲು ಸೇತುವೆ ಅಂತ ಆರಿಸಿದಳು. ಪರದೆ ಹಸಿರಾಯಿತು. ಅವಳು ಅಳುತ್ತಿದ್ದಳು. ಗಾಜಕ್ಕ ಅವಳ ಭುಜ ತಟ್ಟಿ ಹೊರಗೆ ಬಂದಳು.

ಹನ್ನೆರಡು ದಿನ ಕಳೆದ ಮೇಲೆ ಟೈಲರ ಅಂಗಡಿ ತೆರೆದಿದೆ ಅಂತ ಡ್ರೈವರ್ ಹೇಳಿದ. ಗಂಡ ಬೇಡ ಅಂದ. “ಹೋಗಿ ಏನು ಹೇಳ್ತೀಯೇ? ಅವರಿಗೆ ನೀನು ವ್ಯಾನ್ ಕೊಟ್ಟೋಳು. ಅಷ್ಟಾದ್ರೂ ಉಳೀಲಿ.” ಅವಳು ಹೋದಳು.

ಅಂಗಡಿಯಲ್ಲಿ ಎರಡು ಹೊಲಿಗೆ ಮೆಷಿನ್ನು. ಒಂದರ ಮೇಲೆ ಬಟ್ಟೆ ಹೊದಿಸಿತ್ತು. ಟೈಲರು ಅವಳನ್ನು ಗುರುತು ಹಿಡಿದು ಎದ್ದು ನಿಂತ. ಸ್ಟೂಲು ಒರೆಸಿ ಕೊಟ್ಟ. “ಅವತ್ತು ನಿಮ್ಮ ಕೆಲಸ ಬಿಟ್ಟು ಗಾಡಿ ಕೊಟ್ರಿ ಅಕ್ಕ. ಯಾರು ಕೊಡ್ತಾರೆ ಹಾಗೆ,” ಅಂದ. ಗಾಜಕ್ಕ ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು. ಎರಡು ಲೈನು, ಒಂದೇ ಪೈಪು, ಕಾಗದ, ಸಹಿ. ಅವನಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ, ಮೊದಲ ಮಾತಿಗೇ ಅರ್ಥವಾಯಿತು.

“ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತು.”

“ಗೊತ್ತಿತ್ತು.”

“ಯಾವಾಗಿಂದ?”

“ಹದಿನೆಂಟು ವರ್ಷದಿಂದ.”

ಅವನು ಬೆರಳು ಮಡಚಿ ಏನೋ ಎಣಿಸಿದ. “ನಾವು ಮದುವೆಯಾಗಿ ಹದಿನೇಳು,” ಅಂದ.

ಬೈದಿದ್ದರೆ ಅವಳು ನಿಂತು ಬೈಸಿಕೊಳ್ಳುತ್ತಿದ್ದಳು, ಅದಕ್ಕೆಂದೇ ಬಂದಿದ್ದಳು. ಅವನು ಸ್ಟೂಲನ್ನು ಎತ್ತಿ ಮೇಜಿನ ಕೆಳಗೆ ತಳ್ಳಿದ. ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿಟ್ಟ. “ಅಂಗಡಿ ಮುಚ್ಚಬೇಕು,” ಅಂದ. ಹೊರಗೆ ಇನ್ನೂ ಹನ್ನೊಂದು ಗಂಟೆಯ ಬಿಸಿಲಿತ್ತು. ಗಾಜಕ್ಕ ಬೀದಿಗಿಳಿದಳು. ಬೆನ್ನ ಹಿಂದೆ ಶಟರು ನೆಲಕ್ಕೆ ಮುಟ್ಟುವವರೆಗೂ ಸದ್ದು ಮಾಡಿತು.